ಒಂದೇ ಬಿಸಿಲು, ಎರಡು ಬಡಾವಣೆ: ಶಿಕಾಗೋ, ಜುಲೈ 1995

1995ರ ಜುಲೈ 13, ಗುರುವಾರ. ಅಮೆರಿಕದ ಶಿಕಾಗೋ ನಗರದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 41 ಡಿಗ್ರಿ.

ರಾಯಚೂರು, ಕಲಬುರಗಿ ಕಡೆಯವರು ಇದನ್ನು ಓದಿ "ಇಷ್ಟೇನಾ? ನಮಗೆ ಮೇ ತಿಂಗಳಲ್ಲಿ ಇದು ದಿನಾ ಇದ್ದದ್ದೇ" ಅನ್ನಬಹುದು. ಹೌದು. ಆದರೆ ಶಿಕಾಗೋದ ಗಾಳಿಯಲ್ಲಿ ಆ ವಾರ ತೇವ ವಿಪರೀತ ಇತ್ತು. ಬೆವರು ಬರುತ್ತಿತ್ತು, ಆರುತ್ತಿರಲಿಲ್ಲ. ಮೈಗೆ ಅನಿಸುವ ಸೆಖೆ 50 ಡಿಗ್ರಿಯ ಹತ್ತಿರ ಹೋಗಿತ್ತು. ಅಲ್ಲಿನ ಮನೆಗಳು ಚಳಿಯನ್ನು ಲೆಕ್ಕಕ್ಕಿಟ್ಟುಕೊಂಡು ಕಟ್ಟಿದ ಇಟ್ಟಿಗೆ ಮನೆಗಳು. ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿಯೆಲ್ಲ ಒಳಗೆ ಬಿಡುತ್ತಿದ್ದವು. ಮೇಲಿನ ಮಹಡಿಯ ಒಂದು ಕೋಣೆಯಲ್ಲಿ, ಕಿಟಕಿ ಹಾಕಿಕೊಂಡು ಎರಡು ರಾತ್ರಿ ಕಳೆಯುವುದು ಅಂದರೆ ಆರದ ಒಲೆಯ ಮೇಲೆ ಕೂತ ಹಾಗೆ.

ಜುಲೈ 14ರಿಂದ 20ರವರೆಗಿನ ಒಂದು ವಾರದಲ್ಲಿ ಆ ಊರಿನಲ್ಲಿ ಮಾಮೂಲಿಗಿಂತ 739 ಮಂದಿ ಹೆಚ್ಚು ಸತ್ತರು. 1871ರಲ್ಲಿ ಶಿಕಾಗೋವನ್ನೇ ಸುಟ್ಟ ದೊಡ್ಡ ಬೆಂಕಿಯಲ್ಲಿ ಸತ್ತವರು ಸುಮಾರು 300 ಮಂದಿ. ಅದರ ಎರಡು ಪಟ್ಟಿಗಿಂತ ಜಾಸ್ತಿ ಜನ ಈ ವಾರದಲ್ಲಿ ಹೋದರು. ಒಂದು ಗೋಡೆ ಬೀಳಲಿಲ್ಲ. ಒಂದು ಸೇತುವೆ ಮುರಿಯಲಿಲ್ಲ. ಬೀದಿಯಲ್ಲಿ ನಿಂತು ನೋಡಿದವರಿಗೆ ಏನೂ ಕಾಣುವಂತಿರಲಿಲ್ಲ. ಸಾವುಗಳೆಲ್ಲ ಬಾಗಿಲ ಹಿಂದೆ ನಡೆದವು.

ನೆರೆಯವರು ಅಂದರೆ ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಪ್ರಕರಣ. ಒಳ್ಳೆಯ ಮನಸ್ಸಿನ ಮಾತು ಆಡಿ ಮುಗಿಸಿಬಿಡುವುದಕ್ಕೆ ಇದು ಬಿಡುವುದಿಲ್ಲ. ಇಲ್ಲಿ ಲೆಕ್ಕವಿದೆ, ನಕ್ಷೆ ಇದೆ, ಸತ್ತವರ ಹಾಗೂ ಉಳಿದವರ ಮನೆಗಳಿವೆ.

ಆ ವಾರ ನಡೆದದ್ದು

ಮೊದಲು ಕೈಕೊಟ್ಟದ್ದು ಕರೆಂಟು. ಇದ್ದಬದ್ದ ಏಸಿಗಳೆಲ್ಲ ಒಟ್ಟಿಗೆ ಓಡಿದವು, ಟ್ರಾನ್ಸ್‌ಫಾರ್ಮರ್‌ಗಳು ತಾಳಲಿಲ್ಲ. ಸುಮಾರು 49,000 ಮನೆಗಳು ಕತ್ತಲಾದವು. ಬೆಂಕಿ ಆರಿಸಲು ಅಂತ ಬೀದಿಯಲ್ಲಿ ಇಟ್ಟಿರುವ ದೊಡ್ಡ ನಲ್ಲಿಗಳನ್ನು ಮಕ್ಕಳು ತೆರೆದು ನೀರಾಡಿದರು. ಆ ಹೊಡೆತಕ್ಕೆ ಕೆಲವು ಕಡೆ ಮನೆ ನಲ್ಲಿಯಲ್ಲಿ ನೀರಿನ ಒತ್ತಡವೇ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಆಸ್ಪತ್ರೆಗಳು ತುರ್ತು ವಿಭಾಗಕ್ಕೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳಲಾರದೆ ಕೈಚೆಲ್ಲಿದವು. ಆಂಬುಲೆನ್ಸ್‌ನವರು ರೋಗಿಯನ್ನು ಇಟ್ಟುಕೊಂಡು ಮೈಲಿಗಟ್ಟಲೆ ಸುತ್ತಿದರು.

ಶಿಕಾಗೋ ಇರುವ ಕುಕ್ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಶವಾಗಾರದಲ್ಲಿ ಜಾಗ ಮುಗಿಯಿತು. ಮಾಂಸ ಸಾಗಿಸುವ ಶೀತಲ ಲಾರಿಗಳನ್ನು ತರಿಸಿ ಹೊರಗೆ ನಿಲ್ಲಿಸಿದರು. ಒಂದು ಬಂತು, ಇನ್ನೊಂದು ಬಂತು, ಕೊನೆಗೆ ಒಂಬತ್ತು ನಿಂತವು. ಪೊಲೀಸರ ಗಾಡಿಗಳು ಶವಗಳನ್ನು ಇಟ್ಟುಕೊಂಡು ಸರದಿಯಲ್ಲಿ ಕಾದವು.

ಮೇಯರ್ ರಿಚರ್ಡ್ ಎಂ. ಡೇಲಿ ಮೊದಲಿಗೆ ಇದನ್ನು ಒಪ್ಪಲಿಲ್ಲ. ಸತ್ತವರನ್ನೆಲ್ಲ ಬಿಸಿಲಿನ ಲೆಕ್ಕಕ್ಕೆ ಹಾಕಬೇಡಿ, ಬೇಸಿಗೆಯಲ್ಲಿ ದಿನಾ ಜನ ಸಾಯುತ್ತಾರೆ ಎಂಬ ಧಾಟಿ ಅವರದು. ಮುಖ್ಯ ಮರಣ ಪರೀಕ್ಷಕ ಎಡ್ಮಂಡ್ ಡೊನಹ್ಯೂ ತಮ್ಮ ಲೆಕ್ಕಕ್ಕೆ ಗಟ್ಟಿಯಾಗಿ ನಿಂತರು. ಆಮೇಲೆ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆಯವರು ಬಂದು ನೋಡಿ ಡೊನಹ್ಯೂ ಹೇಳಿದ್ದೇ ಸರಿ ಅಂದರು. ಒಟ್ಟು ಸಾವಿನ ಲೆಕ್ಕ ಹಾಕಿದಾಗ ಡೊನಹ್ಯೂ ಕೊಟ್ಟ ಸಂಖ್ಯೆಯೇ ಕಡಿಮೆ ಅನ್ನುವಂತಿತ್ತು. ಬಿಸಿಲಿನ ತುರ್ತು ಯೋಜನೆ ಅಂತ ನಗರಾಡಳಿತದ ಕಡತದಲ್ಲಿ ಒಂದಿತ್ತು. ಅದನ್ನು ಸರಿಯಾದ ಹೊತ್ತಿಗೆ ಯಾರೂ ಹೊರಗೆ ತೆಗೆಯಲಿಲ್ಲ.

ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು 65 ದಾಟಿದವರು. ನೂರಾರು ಮಂದಿ ಒಬ್ಬರೇ ಇದ್ದರು, ಒಬ್ಬರೇ ಸತ್ತರು. ಎಷ್ಟೋ ಕಡೆ ಸಾವು ಗೊತ್ತಾದದ್ದು ವಾಸನೆಯಿಂದ. ಇದನ್ನು ಬರೆಯಲು ಕಷ್ಟವಾಗುತ್ತದೆ. ಆದರೆ ಬರೆಯದೆ ಬಿಟ್ಟರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಗೋಡೆಗೆ ಗೋಡೆ ಅಂಟಿದ ಕಟ್ಟಡದಲ್ಲಿ, ಮೇಲೆ ಕೆಳಗೆ ಅಕ್ಕಪಕ್ಕ ಜನ ತುಂಬಿದ್ದ ಕಡೆ, ಒಬ್ಬರು ಇಲ್ಲ ಅನ್ನುವುದು ತಿಳಿಯಲು ದಿನಗಳು ಬೇಕಾದವು.

ಪಕ್ಕದ ಮನೆಯವರನ್ನು ಕೇಳಿದಾಗ

ರೋಗ ನಿಯಂತ್ರಣ ಸಂಸ್ಥೆಯವರು ಮಾಡಿದ ಕೆಲಸದ ರೀತಿಯೇ ನನಗೆ ಬಹಳ ಮುಖ್ಯ ಅನಿಸುತ್ತದೆ. ಅವರು ಸತ್ತ ಒಬ್ಬೊಬ್ಬರಿಗೂ ಅದೇ ಏರಿಯಾದ, ಹೆಚ್ಚುಕಮ್ಮಿ ಅದೇ ವಯಸ್ಸಿನ, ಬದುಕಿ ಉಳಿದ ಒಬ್ಬರನ್ನು ಹುಡುಕಿದರು. ಒಂದೇ ಬಿಸಿಲು, ಒಂದೇ ಬೀದಿ. ಇವರು ಉಳಿದರು, ಅವರು ಹೋದರು. ಯಾಕೆ?

ಮನೆಯಲ್ಲಿ ಏಸಿ ಇದ್ದವರು ಉಳಿದದ್ದು ಜಾಸ್ತಿ. ಇದು ಯಾರಾದರೂ ಊಹಿಸಬಹುದಾದದ್ದೇ. ಫ್ಯಾನು ಮಾತ್ರ ಇದ್ದವರಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ಗಾಳಿಯೇ ಮೈಗಿಂತ ಬಿಸಿಯಾದ ಮೇಲೆ ಫ್ಯಾನು ಬಿಸಿಯನ್ನೇ ಮೈಗೆ ತಳ್ಳುತ್ತದೆ ಅಷ್ಟೆ. ಹಾಸಿಗೆ ಹಿಡಿದವರಿಗೆ ಅಪಾಯ ಜಾಸ್ತಿ ಇತ್ತು. ಒಬ್ಬರೇ ಇರುವವರಿಗೆ ಜಾಸ್ತಿ. ದಿನಾ ಮನೆಯಿಂದ ಹೊರಗೆ ಕಾಲಿಡದವರಿಗೆ ಇನ್ನೂ ಜಾಸ್ತಿ. ಹತ್ತಿರದಲ್ಲಿ ಸ್ನೇಹಿತರಿದ್ದವರು, ಚರ್ಚಿಗೋ ಕ್ಲಬ್ಬಿಗೋ ಹೋಗುತ್ತಿದ್ದವರು, ಹೆಚ್ಚಾಗಿ ಉಳಿದರು.

ಈ ಕೊನೆಯ ಎರಡು ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ನೇಹಿತರಿರುವುದು, ದಿನಾ ಹೊರಗೆ ಹೋಗುವುದು, ಇವನ್ನು ನಾವು ಸ್ವಭಾವದ ಸಂಗತಿ ಅಂತ ತಿಳಿಯುತ್ತೇವೆ. "ಅವರು ಮೊದಲಿಂದಲೂ ಹಾಗೇ, ಯಾರ ಜೊತೆಯೂ ಸೇರಲ್ಲ" ಅಂದುಬಿಡುತ್ತೇವೆ. ನಿಜವಾಗಿಯೂ ಅದು ಸ್ವಭಾವವೇ? ಅಥವಾ ಆ ಬೀದಿಯೇ ಅವರನ್ನು ಒಳಗೆ ಕೂರಿಸಿತಾ?

ಶಿಕಾಗೋದಲ್ಲೇ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಈ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಆ ಬೀದಿಗಳನ್ನು ಸುತ್ತಿದರು. ಅವರು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಆರಿಸಿಕೊಂಡರು. ಒಂದು ನಾರ್ತ್ ಲಾನ್‌ಡೇಲ್. ಇನ್ನೊಂದು ಸೌತ್ ಲಾನ್‌ಡೇಲ್, ಅಲ್ಲಿನವರ ಬಾಯಲ್ಲಿ ಲಿಟಲ್ ವಿಲೇಜ್. ಎರಡರಲ್ಲೂ ಬಡ ವೃದ್ಧರ ಪ್ರಮಾಣ, ಒಬ್ಬರೇ ಇರುವ ವೃದ್ಧರ ಪ್ರಮಾಣ ಹೆಚ್ಚುಕಮ್ಮಿ ಒಂದೇ. ನಾರ್ತ್ ಲಾನ್‌ಡೇಲ್‌ನಲ್ಲಿ 19 ಮಂದಿ ಸತ್ತರು, ಲಕ್ಷಕ್ಕೆ 40ರ ಲೆಕ್ಕ. ಲಿಟಲ್ ವಿಲೇಜ್‌ನಲ್ಲಿ ಮೂವರು, ಲಕ್ಷಕ್ಕೆ ನಾಲ್ಕಕ್ಕಿಂತ ಕಡಿಮೆ.

ಇಲ್ಲಿ ಒಂದು ಎಚ್ಚರ ಬೇಕು. ಸಂಖ್ಯೆಗಳು ಚಿಕ್ಕವು. ಲಿಟಲ್ ವಿಲೇಜ್‌ನಲ್ಲಿ ಎಳೆಯ ವಯಸ್ಸಿನವರು ಜಾಸ್ತಿ, ಹಾಗಾಗಿ ಹತ್ತು ಪಟ್ಟು ವ್ಯತ್ಯಾಸ ಅಂತ ಕಣ್ಣುಮುಚ್ಚಿ ಹೇಳಲಾಗದು. ಆದರೂ ಆ ಎರಡು ಬೀದಿಗಳಲ್ಲಿ ನಡೆದು ನೋಡಿದರೆ ಸಂಖ್ಯೆ ಏನು ಹೇಳುತ್ತಿದೆ ಅಂತ ತಿಳಿಯುತ್ತದೆ.

ನಡೆಯಲು ಕಾರಣವಿಲ್ಲದ ಬೀದಿ

ನಾರ್ತ್ ಲಾನ್‌ಡೇಲ್ ಒಂದು ಕಾಲದಲ್ಲಿ ತುಂಬಿದ ಊರು. ದೊಡ್ಡ ಚಿಲ್ಲರೆ ವ್ಯಾಪಾರದ ಸಿಯರ್ಸ್ ಕಂಪನಿಯ ಮುಖ್ಯ ಕಚೇರಿ ಅಲ್ಲೇ ಇತ್ತು. ಟ್ರ್ಯಾಕ್ಟರ್ ಮಾಡುವ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಾರ್ಖಾನೆ ಇತ್ತು. ಪಕ್ಕದಲ್ಲೇ ಟೆಲಿಫೋನ್ ಸಲಕರಣೆ ಮಾಡುವ ವೆಸ್ಟರ್ನ್ ಎಲೆಕ್ಟ್ರಿಕ್ ಇತ್ತು. 1960ರಲ್ಲಿ ಅಲ್ಲಿದ್ದ ಜನ ಸುಮಾರು 1,25,000. ಹಾರ್ವೆಸ್ಟರ್ ಮುಚ್ಚಿತು. 1970ರ ದಶಕದಲ್ಲಿ ಸಿಯರ್ಸ್ ನಗರದ ನಡುವಿನ ಗಗನಚುಂಬಿಗೆ ಹೋಯಿತು. ವೆಸ್ಟರ್ನ್ ಎಲೆಕ್ಟ್ರಿಕ್ ಕೂಡ ಮುಚ್ಚಿತು. ಕೆಲಸ ಹೋದ ಮೇಲೆ ಅಂಗಡಿ ಹೋಯಿತು, ಅಂಗಡಿ ಹೋದ ಮೇಲೆ ಬ್ಯಾಂಕು. 1990ರ ಹೊತ್ತಿಗೆ ಉಳಿದವರು 47,000 ಚಿಲ್ಲರೆ.

ಕಪ್ಪುಜನರು ಮನೆ ಕೊಳ್ಳಲು, ಸಾಲ ಪಡೆಯಲು ಎಷ್ಟು ಅಡ್ಡಿ ಅನುಭವಿಸುತ್ತಿದ್ದರು ಎಂಬುದನ್ನು ಜಗತ್ತಿಗೆ ತೋರಿಸಲು 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಂದು ಬಾಡಿಗೆಗೆ ಉಳಿದದ್ದು ಇದೇ ನಾರ್ತ್ ಲಾನ್‌ಡೇಲ್‌ನ ಒಂದು ಹಳೇ ಫ್ಲ್ಯಾಟ್‌ನಲ್ಲಿ. ಎರಡು ವರ್ಷದ ಬಳಿಕ ಅವರ ಕೊಲೆಯಾದಾಗ ಅಲ್ಲಿ ಬೆಂಕಿ ಎದ್ದಿತು. ಸುಟ್ಟ ಅಂಗಡಿಗಳಲ್ಲಿ ಎಷ್ಟೋ ಮತ್ತೆ ತೆರೆಯಲಿಲ್ಲ.

ಈಗ 1995ರಲ್ಲಿ ಅಲ್ಲಿ ಒಬ್ಬ ಎಪ್ಪತ್ತೆಂಟರ ಅಜ್ಜ ಇದ್ದಾನೆ ಅಂತ ಅಂದುಕೊಳ್ಳಿ. ಎದುರಿಗೆ ಖಾಲಿ ಸೈಟು, ಆಳೆತ್ತರ ಹುಲ್ಲು. ಪಕ್ಕದಲ್ಲಿ ಹಲಗೆ ಬಡಿದ ಮನೆ. ಮೂಲೆಯಲ್ಲಿ ಡ್ರಗ್ಸ್ ಮಾರುವ ಹುಡುಗರು. ಹಾಲು, ಬ್ರೆಡ್ ತರಲು ದೂರ ಹೋಗಬೇಕು. ಬಾಗಿಲು ತೆರೆದು ಹೊರಗೆ ಬಂದರೆ ಎಲ್ಲಿಗೆ ಹೋಗಬೇಕು? ಆತ ಒಳಗೇ ಕೂರುತ್ತಾನೆ. ಕಳ್ಳರ ಹೆದರಿಕೆಗೆ ಕಿಟಕಿ ಹಾಕಿಕೊಳ್ಳುತ್ತಾನೆ. ಪಕ್ಕದವರು ಕೆಟ್ಟವರಲ್ಲ. ಅವರಿಗೂ ಅದೇ ಹೆದರಿಕೆ, ಅವರೂ ಒಳಗಿದ್ದಾರೆ.

ಪಕ್ಕದ ಲಿಟಲ್ ವಿಲೇಜ್‌ಗೆ ಬನ್ನಿ. 26ನೇ ಬೀದಿ. ಮೆಕ್ಸಿಕೋ ಕಡೆಯಿಂದ ಬಂದವರ ಪೇಟೆ. ಬೇಕರಿ, ತರಕಾರಿ ಅಂಗಡಿ, ಮದುವೆ ಬಟ್ಟೆಯ ಅಂಗಡಿ, ಹೋಟೆಲು. ಗಂಟೆ ಕಟ್ಟಿದ ಕೈಗಾಡಿ ತಳ್ಳಿಕೊಂಡು ಐಸ್‌ಕ್ಯಾಂಡಿ ಮಾರುವವರು, ಬೇಯಿಸಿದ ಮುಸುಕಿನ ಜೋಳ ಮಾರುವವರು. ಪಾದಚಾರಿ ದಾರಿಯ ತುಂಬ ತಾಯಂದಿರು, ಮಕ್ಕಳು, ಅಜ್ಜಿಯರು. ಬಿಸಿಲು ಹೆಚ್ಚಾದಾಗ ಮುದುಕರು ಎದ್ದು ಅಂಗಡಿಗೆ ಹೋದರು. ಅಲ್ಲಿ ಏಸಿ ಇತ್ತು, ಜನ ಇದ್ದರು, ಬೇಡ ಅನ್ನುವವರು ಯಾರೂ ಇರಲಿಲ್ಲ. ಯಾರೂ ಅವರನ್ನು ರಕ್ಷಿಸಲು ಅಂತ ಹೊರಡಲಿಲ್ಲ. ಬ್ರೆಡ್ ಕೊಳ್ಳಲು ಹೋದವರು ಬದುಕಿಕೊಂಡರು.

"ಮೆಕ್ಸಿಕೋದವರು ಕೂಡುಕುಟುಂಬದವರು, ಅದಕ್ಕೇ ಉಳಿದರು" ಎಂಬ ಮಾತು ಆಗ ಬಹಳ ಓಡಾಡಿತು. ಅದರಲ್ಲಿ ಸ್ವಲ್ಪ ನಿಜವಿದೆ. ಆಗ ಶಿಕಾಗೋದ ಜನಸಂಖ್ಯೆಯ ಸುಮಾರು ಕಾಲು ಭಾಗ ಲ್ಯಾಟಿನೋಗಳು, ಅಂದರೆ ಮೆಕ್ಸಿಕೋ ಮತ್ತಿತರ ಲ್ಯಾಟಿನ್ ಅಮೆರಿಕ ದೇಶಗಳ ಮೂಲದವರು; ಸತ್ತವರಲ್ಲಿ ಅವರು ನೂರಕ್ಕೆ ಇಬ್ಬರಷ್ಟು ಮಾತ್ರ. ಆದರೆ ಲಿಟಲ್ ವಿಲೇಜ್‌ನಲ್ಲಿ ಹಿಂದೆ ಜೆಕ್, ಪೋಲಿಶ್ ಮೂಲದವರು ಇದ್ದರು. ಅವರ ಮಕ್ಕಳು ಊರಾಚೆಯ ಹೊಸ ಬಡಾವಣೆಗಳಿಗೆ ಹೋದರು, ಮುದುಕರು ಅಲ್ಲೇ ಒಬ್ಬೊಬ್ಬರೇ ಉಳಿದರು. ಅವರಿಗೆ ಸ್ಪ್ಯಾನಿಷ್ ಬಾರದು, ಸುತ್ತ ಇರುವವರು ತಮ್ಮವರಲ್ಲ. ಆದರೂ ಆ ಬೀದಿಯ ರಕ್ಷಣೆ ಅವರಿಗೂ ಸಿಕ್ಕಿತು. ಭಾಷೆ ಬಾರದಿದ್ದರೂ ದಿನಾ ಒಂದೇ ಬೇಕರಿಗೆ ಹೋದರೆ ಮುಖ ಪರಿಚಯವಾಗುತ್ತದೆ ಅಲ್ವಾ?

ಇನ್ನೂ ಗಟ್ಟಿಯಾದ ಸಾಕ್ಷಿ ದಕ್ಷಿಣ ಭಾಗದ ಇನ್ನೆರಡು ಬಡಾವಣೆಗಳದು. ಎಂಗಲ್‌ವುಡ್, ಆಬರ್ನ್ ಗ್ರೆಶಮ್. ಎರಡೂ ಅಕ್ಕಪಕ್ಕ. ಎರಡರಲ್ಲೂ ಕಪ್ಪುಜನರೇ, ಬಡತನ ಎರಡರಲ್ಲೂ ಇತ್ತು. ಎಂಗಲ್‌ವುಡ್‌ನಲ್ಲಿ ಲಕ್ಷಕ್ಕೆ 33 ಮಂದಿ ಸತ್ತರು. ಆಬರ್ನ್ ಗ್ರೆಶಮ್‌ನಲ್ಲಿ ಲಕ್ಷಕ್ಕೆ ಮೂವರು. ನಗರದ ಉತ್ತರದ ಎಷ್ಟೋ ಶ್ರೀಮಂತ ಬಡಾವಣೆಗಳಿಗಿಂತ ಇದು ಕಡಿಮೆ. ಆಬರ್ನ್ ಗ್ರೆಶಮ್ ಜನರನ್ನು ಕಳೆದುಕೊಂಡಿರಲಿಲ್ಲ. ಅಂಗಡಿಗಳು ಇದ್ದವು, ಒಳ್ಳೆಯ ಪಾದಚಾರಿ ದಾರಿ ಇತ್ತು, ಬೀದಿಗೊಂದು ನಿವಾಸಿಗಳ ಸಂಘ ಇತ್ತು. ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರಿಗೆ ಹುಷಾರಿಲ್ಲ ಎಂಬುದು ಜನರ ಬಾಯಲ್ಲೇ ಇತ್ತು. ಬಿಸಿಲು ಏರಿದಾಗ ಹೋಗಿ ಬಾಗಿಲು ತಟ್ಟಿದರು.

ಕನ್ನಡದಲ್ಲಿ ನೆರೆ ಅಂದರೆ ಪಕ್ಕದ ಮನೆ. ನೆರೆಯುವುದು ಅಂದರೆ ಒಂದು ಕಡೆ ಸೇರುವುದೂ ಹೌದು. ಸಂತೆಯಲ್ಲಿ ಜನ ನೆರೆದರು ಅನ್ನುತ್ತೇವೆ. ಈ ಎರಡು ಪದ ಹೀಗೆ ಒಟ್ಟಿಗೆ ಕೂತಿರುವುದು ಎಷ್ಟು ಸರಿ ಅಂತ ನನಗೆ ಈ ಪ್ರಕರಣ ಓದುವಾಗ ಅನಿಸಿತು. ನೆರೆಯಲು ಜಾಗವೇ ಇಲ್ಲದ ಕಡೆ ಗೋಡೆ ಎಷ್ಟು ಹತ್ತಿರವಿದ್ದರೂ ನೆರೆ ಇರುವುದಿಲ್ಲ.

ಗಂಡಸರ ವಿಷಯ

ಇನ್ನೊಂದು ಲೆಕ್ಕ. ಒಬ್ಬರೇ ಇರುವ ವೃದ್ಧರಲ್ಲಿ ಹೆಂಗಸರು ಜಾಸ್ತಿ. ಆದರೂ ವಯಸ್ಸು ಸರಿದೂಗಿಸಿ ನೋಡಿದರೆ ಗಂಡಸರು ಸತ್ತದ್ದು ಎರಡು ಪಟ್ಟಿಗಿಂತ ಜಾಸ್ತಿ. ಹೆಂಗಸರು ಒಬ್ಬರೇ ಇದ್ದರೂ ಫೋನ್ ಮಾಡುವವರು, ಬಂದು ಹೋಗುವವರು ಇದ್ದರು. ಗಂಡಸರು ಕೆಲಸ ಬಿಟ್ಟ ಮೇಲೆ, ಹೆಂಡತಿ ಹೋದ ಮೇಲೆ ಪೂರ್ತಿ ಒಂಟಿಯಾಗಿದ್ದರು. ಅಗ್ಗದ ಲಾಡ್ಜುಗಳ ಒಂದೊಂದೇ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದವರಂತೂ ಅಲ್ಲೇ ಹೋದರು.

ನಮ್ಮಲ್ಲೂ ನೋಡಿ. ನೆರೆಹೊರೆಯ ಲೆಕ್ಕವನ್ನೆಲ್ಲ ಇಟ್ಟುಕೊಂಡವರು ಹೆಂಗಸರು. ಯಾರ ಮಗಳಿಗೆ ಬಾಣಂತನ, ಯಾರ ಮನೆಗೆ ಹಪ್ಪಳ ಕೊಡಬೇಕು, ಯಾರ ಬಟ್ಟಲು ನಮ್ಮ ಮನೆಯಲ್ಲಿದೆ, ಎಲ್ಲ ಅವರಿಗೆ ಗೊತ್ತು. ಗಂಡಸರು ನಿವೃತ್ತಿಯಾದ ಮಾರನೇ ದಿನ ಪೇಪರ್ ಹಿಡಿದು ಕೂತಾಗ ಬೀದಿಯಲ್ಲಿ ಅವರ ಹೆಸರು ಹಿಡಿದು ಕರೆಯುವವರು ಎಷ್ಟು ಜನ? ಇದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ.

ನಮ್ಮ ಬೀದಿಯ ಒಂದು ಬೆಳಿಗ್ಗೆ

ಬೆಂಗಳೂರಿನ ನಮ್ಮ ಬೀದಿಯ ಮೂಲೆ ಮನೆಯಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ. ಮಗ ಹೊರದೇಶದಲ್ಲಿ. ಬೆಳಿಗ್ಗೆ ಏಳರೊಳಗೆ ಅವರ ಬಾಗಿಲಿಗೆ ನೀರು ಬಿದ್ದು ರಂಗೋಲಿ ಬಿದ್ದಿರಬೇಕು. ದೊಡ್ಡದೇನಲ್ಲ, ಐದು ಚುಕ್ಕಿಯದು.

ಕಳೆದ ಬೇಸಿಗೆಯಲ್ಲಿ ಒಂದು ದಿನ ಹೂವಿನಾಕೆ ನಮ್ಮ ಗೇಟಿನ ಹತ್ತಿರ ಬಂದು ಬುಟ್ಟಿ ಇಳಿಸದೆ ನಿಂತರು. "ಅಕ್ಕಾ, ಇವತ್ತು ಅಜ್ಜಿ ರಂಗೋಲಿ ಹಾಕಿಲ್ಲ ನೋಡಿ. ಕೂಗಿದೆ, ಓ ಅನ್ನಲಿಲ್ಲ" ಅಂದರು. ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ಇಟ್ಟು ಓಡಿದಳು. ನಾನು ಹಿಂದೆ ಹೋದೆ. ಬಾಗಿಲ ಪಕ್ಕದ ಚೀಲದಲ್ಲಿ ಹಾಲಿನ ಪ್ಯಾಕೆಟ್ ಹಾಗೇ ಇತ್ತು, ಮುಟ್ಟಿದರೆ ಬೆಚ್ಚಗಿತ್ತು. ಎದುರು ಮನೆಯವರ ಹತ್ತಿರ ಒಂದು ಕೀ ಇತ್ತು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಪ್ರಜ್ಞೆ ಇತ್ತು, ಗಂಟಲು ಒಣಗಿ ಮಾತು ಬರುತ್ತಿರಲಿಲ್ಲ.

ಆ ಹೂವಿನಾಕೆ ನಮ್ಮ ಬೀದಿಯವರಲ್ಲ. ಎಲ್ಲಿಂದಲೋ ಮೊದಲ ಬಸ್ಸಿಗೆ ಬರುತ್ತಾರೆ. ಅಜ್ಜಿಗೂ ಅವರಿಗೂ ದಿನಾ ಒಂದು ಮೊಳದ ವ್ಯವಹಾರ, ಎರಡು ಮಾತು. ಗೋಡೆ ಹಂಚಿಕೊಂಡ ನಮಗೆ ಕಾಣದ್ದು ಅವರಿಗೆ ಕಂಡಿತು. ಅಜ್ಜಿಯ ಹಿಂದಿನ ಬೀದಿಯಲ್ಲಿ ಹೊಸ ಅಪಾರ್ಟ್‌ಮೆಂಟ್ ಇದೆ. ಅಲ್ಲಿ ಹೂವಿನವರನ್ನು ಗೇಟಿನ ಒಳಗೆ ಬಿಡುವುದಿಲ್ಲ. ಹಾಲು, ತರಕಾರಿ ಎಲ್ಲ ಆ್ಯಪ್‌ನಲ್ಲಿ, ನಸುಕಿನಲ್ಲೇ ಬಾಗಿಲ ಮುಂದೆ. ಸುರಕ್ಷತೆಗೆ ಅಂತಲೇ ಮಾಡಿದ ಏರ್ಪಾಟು ಅದು. ಅಲ್ಲಿ ಒಬ್ಬರೇ ಇರುವ ವೃದ್ಧರು ಎಷ್ಟು ಮಂದಿ ಅಂತ ನಾನು ಈಗ ವಿಚಾರಿಸುತ್ತಿದ್ದೇನೆ.

ಆಮೇಲೆ

1995ರ ಆಗಸ್ಟ್ ಕೊನೆಯಲ್ಲಿ, ಶಿಕಾಗೋದ ದಕ್ಷಿಣಕ್ಕಿರುವ ಹೋಮ್‌ವುಡ್ ಎಂಬಲ್ಲಿನ ಸ್ಮಶಾನದಲ್ಲಿ ಒಂದು ಉದ್ದ ಗುಂಡಿ ತೋಡಿದರು. ಯಾರೂ ಕೇಳಿಕೊಂಡು ಬರದ ಶವಗಳನ್ನು ಸಾಲಾಗಿ ಅದರಲ್ಲಿ ಇಟ್ಟರು. ಒಟ್ಟು 68 ಪೆಟ್ಟಿಗೆ, ಅದರಲ್ಲಿ 41 ಈ ಬಿಸಿಲಿನವು. ಅನಾಥ ಸಾವುಗಳ ಆಸ್ತಿ ನೋಡಿಕೊಳ್ಳುವ ಕೌಂಟಿ ಕಚೇರಿಯಲ್ಲಿ ಅವರ ಸಾಮಾನು ಉಳಿಯಿತು. ಫೋಟೋ, ಬಿಲ್ಲು, ಪತ್ರ.

ನಾಲ್ಕು ವರ್ಷ ಬಿಟ್ಟು, 1999ರಲ್ಲಿ, ಮತ್ತೆ ಅಂಥದೇ ಬಿಸಿಲು ಬಂತು. ಈ ಸಲ ನಗರಾಡಳಿತ ಎಚ್ಚರವಾಗಿತ್ತು. ಮೊದಲೇ ಸೂಚನೆ ಕೊಟ್ಟರು. ತಂಪು ಕೇಂದ್ರಗಳನ್ನು ತೆರೆದು ಅಲ್ಲಿಗೆ ಬಸ್ಸು ಬಿಟ್ಟರು. ಒಬ್ಬರೇ ಇರುವ ವೃದ್ಧರಿಗೆ ಫೋನ್ ಮಾಡಿದರು, ಪೊಲೀಸರನ್ನೂ ನಗರದ ನೌಕರರನ್ನೂ ಮನೆಮನೆಗೆ ಕಳಿಸಿದರು. ಸತ್ತವರು 110 ಮಂದಿ. 1995ಕ್ಕೆ ಹೋಲಿಸಿದರೆ ಎಷ್ಟೋ ಜೀವ ಉಳಿಯಿತು. ಸರ್ಕಾರ ಮನಸ್ಸು ಮಾಡಿದರೆ ಏನು ಮಾಡಬಹುದು ಎಂಬುದಕ್ಕೆ ಇದೇ ಸಾಕ್ಷಿ. ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ.

ಆದರೆ ವರ್ಷಗಟ್ಟಲೆ ಹೆದರಿ ಕೂತವರು ಗೊತ್ತಿಲ್ಲದ ಕೈ ತಟ್ಟಿದರೆ ಸುಲಭಕ್ಕೆ ಬಾಗಿಲು ತೆಗೆಯುವುದಿಲ್ಲ. ಸಮವಸ್ತ್ರ ಕಂಡರೆ ಇನ್ನೂ ಒಳಗೆ ಸರಿಯುವವರಿದ್ದಾರೆ. ಆಬರ್ನ್ ಗ್ರೆಶಮ್‌ನಲ್ಲಿ ಬಾಗಿಲು ತಟ್ಟಿದವರ ದನಿ ಒಳಗಿದ್ದವರಿಗೆ ಮೊದಲೇ ಗೊತ್ತಿತ್ತು.

ನಮ್ಮ ಅಜ್ಜಿ ಈಗ ವಾಕರ್ ಹಿಡಿದು ಓಡಾಡುತ್ತಾರೆ. ಬಗ್ಗಲು ಆಗುವುದಿಲ್ಲ, ಹಾಗಾಗಿ ರಂಗೋಲಿ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮುಂದಿನ ಕಿಟಕಿಯ ಪರದೆ ಸರಿಸುತ್ತಾರೆ. ಹೂವಿನಾಕೆ ಅದನ್ನು ನೋಡಿಕೊಂಡೇ ನಮ್ಮ ಗೇಟಿಗೆ ಬರುತ್ತಾರೆ.